ಮನೆಬಾಗಿಲಿಗೆ ಬಂದ ನೆರವು

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿವೆ. ಶಿಕ್ಷಣ ಇಲಾಖೆಯ ಆಡಳಿತದಲ್ಲಿ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನೂ ಕೊರಟಗೆರೆಯ ಸಿದ್ಧರಬೆಟ್ಟವನ್ನೂ ನೋಡಲು ದೂರದೂರದಿಂದ ಜನರು ಬರುತ್ತಾರೆ. ಆದರೆ ಬೆಟ್ಟಗಳ ಬುಡದಲ್ಲಿ ಹರಡಿಕೊಂಡಿರುವ ಹಳ್ಳಿಗಳ ಬದುಕು ಅಷ್ಟು ಸುಲಭವಾದುದಲ್ಲ. ಮಳೆ ಕಡಿಮೆ, ಬೆಳೆ ರಾಗಿ, ಕಡಲೆಕಾಯಿ, ಹೊಲದ ಬದುವಿನಲ್ಲಿ ಹುಣಸೆಮರ, ಜೊತೆಗೆ ಒಂದಿಷ್ಟು ಕುರಿ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಹೊರಡುವ ಕುಟುಂಬಗಳು ಅನೇಕ. ಪಾವಗಡ ತಾಲ್ಲೂಕಂತೂ ಬಹುಮಟ್ಟಿಗೆ ಆಂಧ್ರಪ್ರದೇಶದ ನೆಲದಿಂದಲೇ ಸುತ್ತುವರಿದಿದೆ. ಅಲ್ಲಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಸುಮಾರು 100 ಕಿಲೋಮೀಟರುಗಳ ದಾರಿ.

ಇಂಥ ಹಳ್ಳಿಯೊಂದರ ಮನೆಯನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ತಂದೆತಾಯಿಗಳಿಬ್ಬರೂ ಕೂಲಿಗೆ ಹೋಗುವವರು. ಮನೆಯಲ್ಲಿ ಎಂಟು ವರ್ಷದ ಮಗುವೊಂದಿದೆ. ಅದಕ್ಕೆ ನಡೆಯಲು ಬಾರದು, ಮಾತು ಸ್ಪಷ್ಟವಿಲ್ಲ. ಬೆಳಿಗ್ಗೆ ಅದಕ್ಕೆ ಉಣಿಸಿ, ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟು, ಬಾಗಿಲಿನ ಚಿಲಕವನ್ನು ಹೊರಗಿನಿಂದ ಹಾಕಿಕೊಂಡು ತಾಯಿ ಕೆಲಸಕ್ಕೆ ಹೊರಡುತ್ತಾಳೆ. ಸಂಜೆ ಹಿಂದಿರುಗುವವರೆಗೆ ಆ ಮಗು ಸೂರನ್ನೇ ನೋಡುತ್ತ ಮಲಗಿರಬೇಕು. ಇದನ್ನು ಕೇಳಿದವರು ತಾಯಿಯನ್ನು ಕಠಿಣಹೃದಯಳೆಂದು ಹಳಿಯಬಹುದು. ಆದರೆ ಕೂಲಿಯನ್ನು ಬಿಟ್ಟರೆ ಮನೆಯವರೆಲ್ಲ ಉಪವಾಸವಿರಬೇಕು. ಮಗುವನ್ನು ಹೊತ್ತುಕೊಂಡೇ ಕೂಲಿಗೆ ಹೋಗೋಣವೆಂದರೆ ಬಿಸಿಲಿನಲ್ಲಿ ಅದನ್ನು ಮಲಗಿಸುವುದೆಲ್ಲಿ? ಚಿಲಕ ಹಾಕುವ ಕೈ ನಿರ್ದಯವಾದ ಕೈಯಲ್ಲ, ಅನ್ಯಮಾರ್ಗವಿಲ್ಲದ ಕೈ. ಆ ಕೈಗೆ ಇನ್ನೊಂದು ಮಾರ್ಗವನ್ನು ತೋರಿಸಿಕೊಡುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಮಗುವಿನ ದೇಹ, ಬುದ್ಧಿ, ಮಾತು, ಇತರರೊಡನೆ ಬೆರೆಯುವ ಗುಣ ಇವೆಲ್ಲವೂ ವಯಸ್ಸಿಗೆ ತಕ್ಕಂತೆ ಒಂದು ಕ್ರಮದಲ್ಲಿ ಬೆಳೆಯುತ್ತವೆ. ಮಿದುಳಿಗೆ ಒದಗಿದ ತೊಂದರೆಯಿಂದಲೋ ಹುಟ್ಟಿನಿಂದಲೇ ಬಂದ ವ್ಯತ್ಯಾಸದಿಂದಲೋ ಈ ಕ್ರಮವು ಕುಂಠಿತವಾದಾಗ ಅದನ್ನು ಬೆಳವಣಿಗೆಯ ನ್ಯೂನತೆ ಎಂದು ಕರೆಯುತ್ತಾರೆ. ಇದು ಒಂದೇ ಬಗೆಯದಲ್ಲ. ಕಲಿಯುವ ಮತ್ತು ಗ್ರಹಿಸುವ ಶಕ್ತಿ ಕಡಿಮೆಯಾಗಿರುವುದನ್ನು ಹಿಂದೆ ಬುದ್ಧಿಮಾಂದ್ಯ ಎನ್ನುತ್ತಿದ್ದರು. ಈಗ ಬೌದ್ಧಿಕ ಅಂಗವೈಕಲ್ಯ ಎನ್ನುತ್ತಾರೆ. ಮಿದುಳಿನ ಪಾರ್ಶ್ವವಾಯುವಿನಲ್ಲಿ ಬುದ್ಧಿಯು ಅನೇಕ ವೇಳೆ ಚುರುಕಾಗಿಯೇ ಇದ್ದರೂ ಕೈಕಾಲುಗಳು ಮನಸ್ಸಿನ ಮಾತನ್ನು ಕೇಳುವುದಿಲ್ಲ. ಆಟಿಸಂ ಇರುವ ಮಕ್ಕಳು ಜನರೊಡನೆ ಬೆರೆಯುವ ರೀತಿಯೇ ಬೇರೆ. ಮಾತಿನಲ್ಲಿ ಹಿಂದಿದ್ದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿರಬಹುದು. ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯಲ್ಲಿ ಪ್ರತಿ ಜೀವಕೋಶದಲ್ಲಿಯೂ 46ರ ಬದಲು 47 ಕ್ರೋಮೋಸೋಮುಗಳಿರುತ್ತವೆಂಬುದು 1959ರಲ್ಲಿ ತಿಳಿದುಬಂದಿತು.

ಕಾರಣಗಳು ಹಲವು. ಹೆರಿಗೆಯ ಹೊತ್ತಿನಲ್ಲಿ ಕೂಸಿಗೆ ಉಸಿರು ಸಾಕಷ್ಟು ಸಿಗದಿರುವುದು, ದಿನ ತುಂಬುವ ಮೊದಲೇ ಜನಿಸುವುದು, ಎಳೆಗೂಸಿನ ಕಾಮಾಲೆಯು ಮಿತಿಮೀರುವುದು, ಮಿದುಳುಜ್ವರ, ತಾಯಿಯ ಆಹಾರದಲ್ಲಿ ಅಯೋಡಿನ್ ಕೊರತೆ, ಬಸುರಿನಲ್ಲಿ ತಗುಲುವ ರುಬೆಲ್ಲಾ ಸೋಂಕು ಇವು ಮುಖ್ಯವಾದವು. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆ ಇರುವೆಡೆ ಕೆಲವು ವಂಶವಾಹಿ ದೋಷಗಳು ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಗ್ರಹಣವಾಗಲಿ, ಹಿಂದಿನ ಜನ್ಮದ ಪಾಪವಾಗಲಿ, ಮಾಟವಾಗಲಿ ಇದಕ್ಕೆ ಕಾರಣವಲ್ಲ. ಹೀಗಿದ್ದರೂ ತಾಯತಕ್ಕೂ ಹರಕೆಗೂ ಖರ್ಚಾಗುವ ಹಣ ಮತ್ತು ಕಾಲ ಅಲ್ಪವಲ್ಲ. ಹಣ ಹೋದರೆ ಮತ್ತೆ ದುಡಿಯಬಹುದು. ಮಗುವಿನ ಮೊದಲ ಐದು ವರ್ಷಗಳನ್ನು ಮರಳಿ ತರಲಾಗದು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸುವುದು ಅವಶ್ಯ. ಬೌದ್ಧಿಕ ಅಂಗವೈಕಲ್ಯವು ಮಾನಸಿಕ ರೋಗವಲ್ಲ. ಮಾನಸಿಕ ರೋಗವು ಯಾವ ವಯಸ್ಸಿನಲ್ಲಿಯೂ ಬರಬಹುದು, ಔಷಧದಿಂದ ಗುಣವಾಗಲೂಬಹುದು. ಬೌದ್ಧಿಕ ಅಂಗವೈಕಲ್ಯವಾದರೋ ಎಳವೆಯಿಂದಲೇ ಇರುವ ಸ್ಥಿತಿ. ಅದಕ್ಕೆ ಬೇಕಾದುದು ಮುಖ್ಯವಾಗಿ ತರಬೇತಿ. ‘ಹುಚ್ಚ’, ‘ಪೆದ್ದ’ ಎಂಬ ಮಾತುಗಳು ನೋವನ್ನುಂಟುಮಾಡುವುದಲ್ಲದೆ ಈ ಭೇದವನ್ನೂ ಮರೆಮಾಡುತ್ತವೆ. ಎರಡನೆಯದು ಪಾವಗಡದ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ್ದು. ಅಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವುದರಿಂದ ಹಲ್ಲು ಕಂದುಗಟ್ಟುವುದೂ ಮೂಳೆ ಬಾಗುವುದೂ ಉಂಟು. ಕಾಲು ಸೊಟ್ಟಗಿರುವ ಮಕ್ಕಳನ್ನೆಲ್ಲ ‘ನೀರಿನ ದೋಷ’ವೆಂದು ತಳ್ಳಿಹಾಕಿದರೆ, ಮಿದುಳಿನ ಪಾರ್ಶ್ವವಾಯು ಇರುವ ಮಗುವಿಗೆ ಸಕಾಲದಲ್ಲಿ ಸಿಗಬೇಕಾದ ತರಬೇತಿಯು ತಪ್ಪಿಹೋಗುತ್ತದೆ.

2011ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ. ಕರ್ನಾಟಕದಲ್ಲಿ ಸುಮಾರು 13 ಲಕ್ಷ 24 ಸಾವಿರ. ದೇಶದ ಒಟ್ಟು ಸಂಖ್ಯೆಯಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳವರೆಂದು ಬರೆಸಿದವರು ಸುಮಾರು 15 ಲಕ್ಷ. ಮನೆಗೆ ಬಂದ ಗಣತಿದಾರರ ಮುಂದೆ ಮಗುವಿನ ಸ್ಥಿತಿಯನ್ನು ಹೇಳಿಕೊಳ್ಳಲು ಸಂಕೋಚಪಡುವ ಕುಟುಂಬಗಳೂ ಇರುವುದರಿಂದ ಇಂಥ ಅಂಕಿಗಳು ವಾಸ್ತವಕ್ಕಿಂತ ಕಡಿಮೆಯೆಂದೇ ಎಣಿಸಬೇಕು.

ಬಹುಕಾಲದವರೆಗೆ ಇಂಥ ಮಕ್ಕಳಿಗೆ ನೆರವು ಎಂದರೆ ನಗರದ ಸಂಸ್ಥೆ ಎಂದೇ ಅರ್ಥವಾಗಿತ್ತು. ಸಂಸ್ಥೆಗಳಿಂದ ಉಪಕಾರವಾಗಿಲ್ಲವೆಂದಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಗಿ ವಿಸ್ತಾರಗೊಂಡಿತು; ಮೈಸೂರಿನಲ್ಲಿ 1965ರಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು. ಸ್ವತಃ ಪೋಲಿಯೊ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಘವೊಂದನ್ನು ಕಟ್ಟಿ ಬೆಳೆಸಿದರು. ಆದರೆ ಶಿರಾ ತಾಲ್ಲೂಕಿನ ಒಂದು ಹಟ್ಟಿಯಿಂದ ವಾರಕ್ಕೊಮ್ಮೆ ಮಗುವನ್ನು ಹೊತ್ತು ಬೆಂಗಳೂರಿಗೆ ಹೋಗಿಬರುವುದು ಕೂಲಿಯವರಿಗೆ ಸಾಧ್ಯವೇ? ಬಸ್ಸಿನ ಖರ್ಚಿನ ಜೊತೆಗೆ ಎರಡು ದಿನದ ಕೂಲಿಯೂ ಹೋಗುತ್ತದೆ. ಒಂದೆರಡು ಬಾರಿ ಹೋಗಿಬಂದವರು ಮೂರನೆಯ ಬಾರಿ ಹೋಗುವುದಿಲ್ಲ. ಅಲ್ಲಿ ಒಂದು ಗಂಟೆ ಮಾಡಿಸಿದ ವ್ಯಾಯಾಮವು ಮನೆಯಲ್ಲಿ ಮುಂದುವರಿಯದಿದ್ದರೆ ಅದರ ಫಲವೂ ಉಳಿಯುವುದಿಲ್ಲ.

ಮಗುವನ್ನು ತಜ್ಞರಲ್ಲಿಗೆ ಒಯ್ಯುವ ಬದಲು, ತಜ್ಞರ ತಿಳಿವಳಿಕೆಯನ್ನು ಮನೆಗೆ ಒಯ್ದರೆ ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹಲವು ದೇಶಗಳಲ್ಲಿ ಹುಡುಕಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪೋರ್ಟೇಜ್ ಎಂಬ ಊರಿದೆ. ಮನೆಗಳು ದೂರದೂರ ಚದುರಿರುವ ಆ ಹಳ್ಳಿಗಾಡಿನಲ್ಲಿ 1969ರಲ್ಲಿ ಒಂದು ಪ್ರಯೋಗವು ಆರಂಭವಾಯಿತು. ಶಿಕ್ಷಕರು ವಾರಕ್ಕೊಮ್ಮೆ ಮನೆಗೆ ಹೋಗಿ, ಮಗುವಿಗಲ್ಲ, ತಾಯಿಗೆ ಪಾಠ ಹೇಳಿಕೊಡುವರು. ತಾಯಿಯು ವಾರವೆಲ್ಲ ಅದನ್ನು ಮಗುವಿಗೆ ಕಲಿಸುವಳು. ಮುಂದಿನ ವಾರ ಬಂದು ನೋಡಿ ಮುಂದಿನ ಹೆಜ್ಜೆಯನ್ನು ಗೊತ್ತುಪಡಿಸುವರು. ಪೋರ್ಟೇಜ್ ಪದ್ಧತಿಯೆಂದು ಹೆಸರಾದ ಇದು ಭಾರತಕ್ಕೂ ಬಂದಿತು. 1978ರಲ್ಲಿ ಅಲ್ಮಾ ಅಟಾ ನಗರದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನವು ಪ್ರಾಥಮಿಕ ಆರೋಗ್ಯ ಸೇವೆ ಎಲ್ಲರಿಗೂ ದೊರೆಯಬೇಕೆಂದು ಘೋಷಿಸಿದ ಬಳಿಕ, ವಿಶ್ವ ಆರೋಗ್ಯ ಸಂಸ್ಥೆಯು ಸಮುದಾಯ ಆಧಾರಿತ ಪುನರ್ವಸತಿ ಎಂಬ ಕ್ರಮವನ್ನು ಮುಂದಿಟ್ಟಿತು. ಕರ್ನಾಟಕದಲ್ಲಿ 1985ರಲ್ಲಿ ಆರಂಭವಾದ ಸೇವಾ ಇನ್ ಆ್ಯಕ್ಷನ್ ಮೊದಲಾದ ಸ್ವಯಂಸೇವಾ ಸಂಸ್ಥೆಗಳು ಈ ದಾರಿಯನ್ನು ಹಿಡಿದವು.

ಮನೆಯಲ್ಲಿ ನಡೆಯುವ ಕೆಲಸದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡತಕ್ಕದ್ದು. ಮೊದಲನೆಯದು ಊಟ. ಮಿದುಳಿನ ಪಾರ್ಶ್ವವಾಯು ಇರುವ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಬಾಯಿಗೆ ಗಂಜಿಯನ್ನು ಹುಯ್ಯುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಇದು ಅಪಾಯಕರ. ತಲೆ ಹಿಂದಕ್ಕೆ ಬಾಗಿದಾಗ ಆಹಾರವು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯಬಹುದು. ಪದೇ ಪದೇ ಕೆಮ್ಮು, ಕಫ, ಜ್ವರ ಬರುವುದಕ್ಕೆ ಇದೂ ಒಂದು ಕಾರಣ. ಮಗುವನ್ನು ನೆಟ್ಟಗೆ ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಎದುರಿನಿಂದ ಚಮಚದಲ್ಲಿ ಸ್ವಲ್ಪಸ್ವಲ್ಪವಾಗಿ ಉಣಿಸಬೇಕು. ತೀರ ನೀರಾದ ಗಂಜಿಗಿಂತ ಸ್ವಲ್ಪ ಗಟ್ಟಿಯಾದ ರಾಗಿ ಸರಿಯನ್ನು ನುಂಗುವುದು ಇಂಥ ಮಕ್ಕಳಿಗೆ ಸುಲಭ. ಇಷ್ಟು ಸಣ್ಣ ಸಂಗತಿಯನ್ನು ತಾಯಿಗೆ ಯಾರೂ ಹೇಳಿರುವುದಿಲ್ಲ. ಒಂದು ಮಗುವಿನ ಜೀವ ಉಳಿಯಲು ಕೆಲವೊಮ್ಮೆ ಇಷ್ಟೇ ಸಾಕು.

ಎರಡನೆಯದು ಕೂರುವುದು ಮತ್ತು ನಿಲ್ಲುವುದು. ಸದಾ ಮಲಗಿಯೇ ಇರುವ ಮಗುವಿನ ಸ್ನಾಯುಗಳು ಮೊಟಕಾಗಿ ಕೀಲುಗಳು ಬಿಗಿದುಕೊಳ್ಳುತ್ತವೆ. ಬಳಿಕ ಅದನ್ನು ಎತ್ತಿ ಸ್ನಾನ ಮಾಡಿಸುವುದೂ ಕಷ್ಟವಾಗುತ್ತದೆ. ಕೂರಿಸಲು ಬೆಲೆಬಾಳುವ ಕುರ್ಚಿಯೇ ಬೇಕೆಂದಿಲ್ಲ. ಎರಡು ಗೋಡೆಗಳು ಸೇರುವ ಮೂಲೆಯೇ ಒಳ್ಳೆಯ ಆಸರೆ. ಕಡಲೆಕಾಯಿಯ ಸಿಪ್ಪೆ ತುಂಬಿ ಹೊಲಿದ ಗೋಣಿಚೀಲವನ್ನು ದಿಂಬಿನಂತೆ ಇಕ್ಕೆಲದಲ್ಲಿಯೂ ಇಡಬಹುದು. ಅಂಗಳದಲ್ಲಿ ಗುಣಿ ತೋಡಿ, ಮಗುವನ್ನು ಅದರಲ್ಲಿ ನಿಲ್ಲಿಸಿ, ಸೊಂಟದವರೆಗೆ ಮರಳು ತುಂಬಿದರೆ ಬೀಳದೆ ನಿಲ್ಲಬಲ್ಲದು. ನಾಲ್ಕು ಗೂಟಗಳನ್ನು ನೆಟ್ಟು, ಅವುಗಳಿಗೆ ಎರಡು ಬಿದಿರಿನ ಗಳುಗಳನ್ನು ಸಮಾನಾಂತರವಾಗಿ ಕಟ್ಟಿದರೆ ನಡಿಗೆಯನ್ನು ಕಲಿಯುವ ಆಧಾರ ಸಿದ್ಧವಾಗುತ್ತದೆ. ಹಳ್ಳಿಯಲ್ಲಿ ದೊರೆಯುವ ಸಾಮಗ್ರಿಯಿಂದಲೇ ಇಂಥ ಸಾಧನಗಳನ್ನು ಮಾಡಿಕೊಳ್ಳುವ ಬಗೆಯನ್ನು ಡೇವಿಡ್ ವರ್ನರ್ ಎಂಬವರು 1987ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಚಿತ್ರಸಹಿತ ವಿವರಿಸಿದ್ದಾರೆ. ಮೆಕ್ಸಿಕೊ ದೇಶದ ಹಳ್ಳಿಗಳ ಅನುಭವದಿಂದ ಹುಟ್ಟಿದ ಆ ಉಪಾಯಗಳು ಮಧುಗಿರಿಯ ಹಿತ್ತಲಿಗೂ ಹೊಂದುತ್ತವೆ.

ಮೂರನೆಯದು ನಿತ್ಯದ ಕೆಲಸಗಳನ್ನು ಕಲಿಸುವುದು. ಬೌದ್ಧಿಕ ಅಂಗವೈಕಲ್ಯವುಳ್ಳ ಹುಡುಗನಿಗೆ ಅಂಗಿ ತೊಡುವುದನ್ನು ಕಲಿಸಬೇಕಾಗಿದೆಯೆನ್ನೋಣ. ನೋಡುವವರಿಗೆ ಅದು ಒಂದು ಕೆಲಸ. ಬಿಡಿಸಿ ನೋಡಿದರೆ ಹತ್ತು ಹನ್ನೆರಡು ಕೆಲಸಗಳು. ಅಂಗಿಯ ಮುಂಭಾಗವನ್ನು ಗುರುತಿಸುವುದು, ಒಂದು ತೋಳನ್ನು ತೂರಿಸುವುದು, ಅಂಗಿಯನ್ನು ಬೆನ್ನ ಹಿಂದೆ ತರುವುದು, ಇನ್ನೊಂದು ತೋಳು, ಬಳಿಕ ಗುಂಡಿಗಳು. ತರಬೇತುದಾರರು ಇದನ್ನು ಕೊನೆಯ ಹೆಜ್ಜೆಯಿಂದ ಆರಂಭಿಸುವುದುಂಟು. ಎಲ್ಲವನ್ನೂ ತಾಯಿಯೇ ಮಾಡಿ, ಕೊನೆಯ ಗುಂಡಿಯನ್ನು ಮಾತ್ರ ಮಗನಿಗೆ ಬಿಡುತ್ತಾಳೆ. ಅದು ಕೈಗೂಡಿದ ಮೇಲೆ ಎರಡು ಗುಂಡಿ. ಹೀಗೆ ಹಿಂದುಹಿಂದಕ್ಕೆ ಸಾಗಿದಾಗ ಪ್ರತಿದಿನವೂ ‘ನಾನೇ ಅಂಗಿ ಹಾಕಿಕೊಂಡೆ’ ಎಂಬ ಸಂತೋಷದಲ್ಲಿಯೇ ಪಾಠ ಮುಗಿಯುತ್ತದೆ. ಮೊದಲಿನಿಂದ ಆರಂಭಿಸಿದರೆ ಅರ್ಧದಲ್ಲಿ ಸೋತ ನೆನಪೇ ಉಳಿಯುವುದು. ಶೌಚದ ಅಭ್ಯಾಸಕ್ಕೆ ಮೊದಲ ಒಂದು ವಾರ ಮಗುವು ಯಾವ ಯಾವ ಹೊತ್ತಿಗೆ ಒದ್ದೆ ಮಾಡಿಕೊಳ್ಳುತ್ತದೆಂಬುದನ್ನು ಗುರುತು ಹಾಕಿಕೊಂಡು, ಅದಕ್ಕಿಂತ ಸ್ವಲ್ಪ ಮುಂಚೆಯೇ ಕರೆದೊಯ್ಯುತ್ತಾರೆ. ಅಕ್ಷರ ಬಾರದ ತಾಯಿಯೂ ಗೋಡೆಯ ಮೇಲೆ ಇದ್ದಲಿನಿಂದ ಗೆರೆಯೆಳೆದು ಈ ಲೆಕ್ಕವನ್ನಿಡಬಲ್ಲಳು. ಆಟಿಸಂ ಇರುವ ಮಗುವಿಗೆ ದಿನದ ಕ್ರಮವು ಮೊದಲೇ ತಿಳಿದಿದ್ದರೆ ಗಾಬರಿ ಕಡಿಮೆ. ಸ್ನಾನ, ಊಟ, ಆಟ, ನಿದ್ರೆ ಇವುಗಳ ಚಿತ್ರಗಳನ್ನು ಸಾಲಾಗಿ ಅಂಟಿಸಿ ತೋರಿಸುವುದು ಈ ಕಾರಣಕ್ಕಾಗಿಯೇ.

ಈ ಎಲ್ಲದರಲ್ಲಿ ಪ್ರಗತಿ ನಿಧಾನ. ಒಂದು ಚಮಚವನ್ನು ಬಾಯಿಗೆ ತರಲು ಆರು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಕೆಲವು ಮಕ್ಕಳು ಎಂದಿಗೂ ನಡೆಯಲಾರರು. ಅದನ್ನು ಮುಚ್ಚಿಟ್ಟು ಹುಸಿ ಭರವಸೆ ಕೊಡುವ ಕಾರ್ಯಕರ್ತರಿಂದ ಮನೆಯವರಿಗೆ ಹಿತವಿಲ್ಲ.

ಇಷ್ಟೆಲ್ಲ ಹೇಳಿಕೊಡಲು ಮನೆಗೆ ಬರುವವರು ಯಾರು? ಕರ್ನಾಟಕದಲ್ಲಿ 2007ರ ಸುಮಾರಿಗೆ ಆರಂಭವಾದ ಗ್ರಾಮೀಣ ಪುನರ್ವಸತಿ ಯೋಜನೆಯಂತೆ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ನೇಮಕವಾಗುತ್ತಾರೆ. ಈ ಯೋಜನೆಯ ವೈಶಿಷ್ಟ್ಯವೆಂದರೆ ಗ್ರಾಮೀಣ ಕಾರ್ಯಕರ್ತರು ತಾವೇ ಅಂಗವಿಕಲರಾಗಿದ್ದು, ಆ ಸೀಮೆಯವರೇ ಆಗಿರುವುದು. ಊರುಗೋಲನ್ನು ಹಿಡಿದೋ ಮೂರು ಚಕ್ರದ ವಾಹನದಲ್ಲಿಯೋ ಬಂದು ಜಗಲಿಯ ಮೇಲೆ ಕೂತು ಮಾತನಾಡುವ ವ್ಯಕ್ತಿಯ ಮುಂದೆ ತಾಯಿಗೆ ಸಂಕೋಚವಿರುವುದಿಲ್ಲ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಸುತ್ತಬೇಕಾದ ಹಳ್ಳಿಗಳು ಅನೇಕ. ಮನೆಮನೆಯ ತರಬೇತಿಗಿಂತ ಅರ್ಜಿ, ದಾಖಲೆಗಳ ಓಡಾಟದಲ್ಲಿಯೇ ಅವರ ಕಾಲ ಹೆಚ್ಚಾಗಿ ಕಳೆಯುವುದು ಈ ಯೋಜನೆಯ ದೌರ್ಬಲ್ಯವೆನ್ನಬೇಕು.

ಶಿಕ್ಷಣ ಇಲಾಖೆಯದು ಇನ್ನೊಂದು ಏರ್ಪಾಡು. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಗೆ ಬರಬಲ್ಲ ಮಕ್ಕಳನ್ನು ಊರಿನ ಶಾಲೆಗೇ ಸೇರಿಸಿ ಅಲ್ಲಿಯ ಶಿಕ್ಷಕರಿಗೆ ಮಾರ್ಗದರ್ಶನ ಮಾಡುವುದು, ತೀವ್ರ ನ್ಯೂನತೆಯಿಂದಾಗಿ ಬರಲಾಗದವರಿಗೆ ಮನೆಯಲ್ಲಿಯೇ ಕಲಿಸುವುದು ಅವರ ಕರ್ತವ್ಯ. ಇದನ್ನು ಗೃಹಾಧಾರಿತ ಶಿಕ್ಷಣ ಎನ್ನುತ್ತಾರೆ. 2012ರಲ್ಲಿ ಶಿಕ್ಷಣ ಹಕ್ಕು ಕಾಯಿದೆಗೆ ಆದ ತಿದ್ದುಪಡಿಯು ಬಹುವಿಧ ಮತ್ತು ತೀವ್ರ ಅಂಗವೈಕಲ್ಯವುಳ್ಳ ಮಕ್ಕಳಿಗೆ ಈ ಆಯ್ಕೆಯನ್ನು ನೀಡಿತು. ಆಯ್ಕೆಯೆಂಬ ಮಾತನ್ನು ಇಲ್ಲಿ ಗಮನಿಸಬೇಕು. ಶಾಲೆಗೆ ಬರಬಲ್ಲ ಮಗುವನ್ನು, ಮೆಟ್ಟಿಲು ಹತ್ತಿಸುವ ತೊಂದರೆಗಾಗಿ, ‘ಮನೆಯಲ್ಲೇ ಇರಲಿ’ ಎಂದು ಬಿಡಲು ಅದು ನೆಪವಾಗಬಾರದು. ಪಾವಗಡದ ಅನೇಕ ಮನೆಗಳಲ್ಲಿ ಆಡುವುದು ತೆಲುಗು, ಶಿರಾ ಪಟ್ಟಣದ ಹಲವು ಮನೆಗಳಲ್ಲಿ ಉರ್ದು. ಮಾತು ಈಗತಾನೆ ಮೂಡುತ್ತಿರುವ ಮಗುವಿಗೆ ಮನೆಯ ನುಡಿಯಲ್ಲಿಯೇ ಮೊದಲ ಶಬ್ದಗಳನ್ನು ಕಲಿಸುವುದು ಉಚಿತ. ಕನ್ನಡವು ನಂತರ ಬರುತ್ತದೆ.

ಎಲ್ಲಕ್ಕಿಂತ ಮೊದಲು ನ್ಯೂನತೆಯನ್ನು ಗುರುತಿಸುವವರು ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆ. ನಾಲ್ಕೈದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಹತ್ತು ತಿಂಗಳಾದರೂ ಕೂರದಿದ್ದರೆ, ಒಂದೂವರೆ ವರ್ಷ ಕಳೆದರೂ ನಡೆಯದಿದ್ದರೆ, ಎರಡು ವರ್ಷವಾದರೂ ಮಾತಿನ ಸುಳಿವಿಲ್ಲದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ‘ಅವನ ಅಪ್ಪನೂ ಮಾತು ಕಲಿತದ್ದು ತಡವಾಗಿಯೇ’ ಎಂದು ಕಾಯುವುದು ಹಿರಿಯರ ಸಮಾಧಾನದ ಮಾತಾದರೂ ಮಗುವಿಗೆ ನಷ್ಟ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ರುಬೆಲ್ಲಾ ವಿರುದ್ಧದ ಲಸಿಕೆಯು 2017ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. ಕೆಲವು ನ್ಯೂನತೆಗಳನ್ನು ಹೀಗೆ ಬಾರದಂತೆಯೇ ತಡೆಯಬಹುದು.

ಈ ಮಕ್ಕಳಲ್ಲಿ ಹಲವರಿಗೆ ಮೂರ್ಛೆರೋಗವೂ ಇರುತ್ತದೆ. ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಪ್ರಯೋಜನವಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕದೆ, ಪಕ್ಕದಲ್ಲಿಯೇ ಇರಬೇಕು; ಐದು ನಿಮಿಷವಾದರೂ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಕೊಟ್ಟ ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು.

ಮನೆಯ ನೆರವಿನಷ್ಟೇ ಊರಿನ ನೆರವೂ ಮುಖ್ಯ. ಚಿಲಕ ಹಾಕಿದ ಮನೆಯ ಸಮಸ್ಯೆಯು ಆ ಮನೆಯೊಳಗೇ ಪರಿಹಾರವಾಗತಕ್ಕದ್ದಲ್ಲ. ಇಂಥ ಮಕ್ಕಳ ತಾಯಂದಿರು ಸಂಘವೊಂದನ್ನು ಮಾಡಿಕೊಂಡು, ಸರದಿಯಂತೆ ಇಬ್ಬರು ಕೂಲಿಗೆ ಹೋಗದೆ ಉಳಿದು ಎಲ್ಲ ಮಕ್ಕಳನ್ನೂ ಒಂದೆಡೆ ನೋಡಿಕೊಳ್ಳುವುದು ಒಂದು ದಾರಿ. ಪಂಚಾಯಿತಿಯೋ ಸಂಸ್ಥೆಯೋ ಹಗಲಿನ ಆರೈಕೆ ಕೇಂದ್ರವನ್ನು ನಡೆಸುವುದು ಇನ್ನೊಂದು. ಹಿತ್ತಲ ಗೋಡೆಯಾಚೆಯ ಅಜ್ಜಿಯು ಮಧ್ಯಾಹ್ನ ಒಮ್ಮೆ ಬಂದು ಮಗುವಿನ ಮಗ್ಗುಲು ಬದಲಿಸಿ, ನೀರು ಕುಡಿಸಿ ಹೋದರೆ ಅದೂ ಸೇವೆಯೇ. ತಾಯಿಯ ಆರೋಗ್ಯದ ಯೋಚನೆಯನ್ನು ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಹದಿನೈದು ವರ್ಷದ ಮಗನನ್ನು ನಿತ್ಯವೂ ಎತ್ತಿ ಇಳಿಸುವ ತಾಯಿಯ ಬೆನ್ನು ಎಷ್ಟು ಕಾಲ ತಡೆದೀತು? ಅಣ್ಣತಮ್ಮಂದಿರು, ಅಕ್ಕತಂಗಿಯರು ಶಾಲೆಯನ್ನು ಬಿಟ್ಟು ಮನೆಯಲ್ಲಿ ನಿಲ್ಲುವಂತಾಗುವುದೂ ಉಂಟು. ಹಾಗೆ ನಿಲ್ಲುವವಳು ಹೆಚ್ಚಾಗಿ ಅಕ್ಕನೇ.

ಮಗು ಬೆಳೆದು ಯುವಕನಾದಾಗ ಕೆಲಸದ ಪ್ರಶ್ನೆ ಬರುತ್ತದೆ. ನಗರದ ಕೇಂದ್ರಗಳಲ್ಲಿ ಮೇಣದಬತ್ತಿ ಮಾಡುವುದನ್ನು ಕಲಿಸುತ್ತಾರೆ. ಹಳ್ಳಿಯಲ್ಲಿ ಅದನ್ನು ಕೊಳ್ಳುವವರು ಯಾರು? ಈ ಸೀಮೆಯ ಕೆಲಸಗಳೇ ಬೇರೆ. ಸುಗ್ಗಿಯ ಕಾಲದಲ್ಲಿ ಮನೆಮನೆಯ ಮುಂದೆ ಹುಣಸೆಹಣ್ಣನ್ನು ಕುಟ್ಟಿ ಬೀಜ, ನಾರು ಬೇರ್ಪಡಿಸುತ್ತಾರೆ, ಕಡಲೆಕಾಯಿ ಬಿಡಿಸುತ್ತಾರೆ, ಕುರಿಮರಿಗಳಿಗೆ ಸೊಪ್ಪು ಹಾಕುತ್ತಾರೆ. ಒಂದೇ ಬಗೆಯಾಗಿ ಮತ್ತೆ ಮತ್ತೆ ಮಾಡಬೇಕಾದ ಇಂಥ ಕೆಲಸವನ್ನು ಬೌದ್ಧಿಕ ಅಂಗವೈಕಲ್ಯವುಳ್ಳ ಎಷ್ಟೋ ಮಂದಿ ಶ್ರದ್ಧೆಯಿಂದ ಮಾಡಬಲ್ಲರು. ಎಲ್ಲರ ನಡುವೆ ಕುಳಿತು ದುಡಿದು, ದುಡಿದದ್ದಕ್ಕೆ ಎಲ್ಲರಂತೆ ಕೂಲಿ ಪಡೆಯುವುದು ಅವರ ಹಕ್ಕು. ‘ಅವನಿಗೆ ಹಣದ ಬೆಲೆ ಗೊತ್ತಿಲ್ಲ’ ಎಂದು ಒಂದು ಲೋಟ ಕಾಫಿಗೆ ದಿನವೆಲ್ಲ ದುಡಿಸಿಕೊಳ್ಳುವುದು ಅನ್ಯಾಯ.

ಕಾನೂನಿನ ದೃಷ್ಟಿಯೂ ಕ್ರಮೇಣ ಬದಲಾಗಿದೆ. 1995ರ ಕಾಯಿದೆಯು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. ಆಟಿಸಂ ಅದರಲ್ಲಿ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 21 ಬಗೆಗಳನ್ನು ಗುರುತಿಸಿ, ಸಮುದಾಯದ ನಡುವೆ ಬಾಳುವುದು ಅವರ ಹಕ್ಕೆಂದು ಸಾರಿತು. ಆದರೆ ಹಕ್ಕು ಕೈಗೆ ಬರಬೇಕಾದರೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ತಜ್ಞರ ಪರೀಕ್ಷೆ ಬೇಕು. ಬುದ್ಧಿಶಕ್ತಿಯನ್ನು ಅಳೆಯುವ ತಜ್ಞರು ಹತ್ತಿರದಲ್ಲಿ ದೊರೆಯದಿದ್ದರೆ ದೂರದ ಹಳ್ಳಿಯವರು ಜಿಲ್ಲಾ ಕೇಂದ್ರಕ್ಕೇ ಬರಬೇಕಾಗುತ್ತದೆ. ಮಾಸಾಶನವು ಈ ಒಂದು ಕಾಗದವನ್ನೇ ಅವಲಂಬಿಸಿರುವುದರಿಂದ, ದಿನ ಗೊತ್ತುಮಾಡಿ ತಾಲ್ಲೂಕಿನಲ್ಲಿಯೇ ಶಿಬಿರ ನಡೆಸುವುದು ದೊಡ್ಡ ಉಪಕಾರ.

ಇಂಥ ಮಕ್ಕಳ ತಂದೆತಾಯಿಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುವ ಚಿಂತೆಯು ಒಂದುಂಟು: ‘ನಾವು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು?’ ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ಅಂಗವೈಕಲ್ಯ ಹಾಗೂ ಬಹುವಿಧ ಅಂಗವೈಕಲ್ಯ ಉಳ್ಳವರಿಗಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆಯನ್ನು ಜಾರಿಗೆ ತಂದಾಗ ಈ ಪ್ರಶ್ನೆಯೇ ಮುಂದಿತ್ತು. ಹದಿನೆಂಟು ವರ್ಷ ತುಂಬಿದ ಮೇಲೂ ಸ್ವಂತ ವ್ಯವಹಾರವನ್ನು ನೋಡಿಕೊಳ್ಳಲಾಗದವರಿಗೆ ಪೋಷಕರನ್ನು ನೇಮಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅದು ಕೊಟ್ಟಿದೆ. ಹೀಗೆ ನೇಮಕವಾದವರು ಆ ವ್ಯಕ್ತಿಯ ಆಸ್ತಿಯ ಲೆಕ್ಕವನ್ನು ಒಪ್ಪಿಸಬೇಕು; ಅಲಕ್ಷ್ಯ ತೋರಿದರೆ ಅವರನ್ನು ತೆಗೆದುಹಾಕಬಹುದು. ಎರಡೆಕರೆ ಒಣ ಹೊಲವೇ ಸರ್ವಸ್ವವಾಗಿರುವ ಮನೆಯಲ್ಲಿ, ಬುದ್ಧಿ ಎಳೆಯದಾಗಿರುವ ಮಗನ ಪಾಲನ್ನು ದಾಯಾದಿಗಳು ನುಂಗದಂತೆ ತಡೆಯಲು ಇದು ಆಧಾರ. ಇದನ್ನು ಬಲ್ಲ ಕುಟುಂಬಗಳು ಇನ್ನೂ ವಿರಳ.

ಗ್ರಾಮ ಪಂಚಾಯಿತಿಯು ತನ್ನ ಸ್ವಂತ ಸಂಪನ್ಮೂಲದ ಶೇಕಡ 5ರಷ್ಟನ್ನು ಅಂಗವಿಕಲರ ಏಳಿಗೆಗೆ ವೆಚ್ಚ ಮಾಡಬೇಕು. ಆ ಹಣವನ್ನು ಹೇಗೆ ಬಳಸಬೇಕೆಂಬುದನ್ನು ಗ್ರಾಮಸಭೆಯಲ್ಲಿ ಯಾರೂ ಕೇಳದಿದ್ದರೆ ವರ್ಷದ ಕೊನೆಯಲ್ಲಿ ಅದು ಅವಸರದಿಂದ ಹೇಗೋ ಖರ್ಚಾಗುತ್ತದೆ. ಹಳ್ಳಿಯ ತಾಯಂದಿರು ನಾಲ್ವರು ಸೇರಿ ಎದ್ದುನಿಂತು ಕೇಳತೊಡಗಿದಾಗ ಕೇಳಿಕೆಗಳು ಬಹಳ ಸಾಧಾರಣವಾಗಿರುತ್ತವೆ: ಶಾಲೆಯ ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ಮಧ್ಯಾಹ್ನದವರೆಗೆ ಮಕ್ಕಳನ್ನು ಬಿಡಲು ಖಾಲಿ ಬಿದ್ದಿರುವ ಸಮುದಾಯ ಭವನದ ಒಂದು ಕೊಠಡಿ.